ಇವತ್ತು ಮದುವೆ, ನಾಳೆ ಯಕ್ಷಗಾನ, ನಾಡಿದ್ದು ಗೇರುಬೀಜ ಫ್ಯಾಕ್ಟರಿ: ಸಣ್ಣ ವಿಡಿಯೊ ಕಂಪನಿಗೆ ಸೇರಿದವರಿಗೊಂದು ಮಾರ್ಗದರ್ಶಿ

ಮಂಗಳೂರು, ಉಡುಪಿ, ಕುಂದಾಪುರ, ಪುತ್ತೂರಿನಂಥ ಊರುಗಳಲ್ಲಿ ನಾಲ್ಕೈದು ಜನ ಸೇರಿ ನಡೆಸುವ ವಿಡಿಯೊ ಕಂಪನಿಗಳಿವೆ. ಬೆಂಗಳೂರಿನ ದೊಡ್ಡ ಸಂಸ್ಥೆಗಳಲ್ಲಿ ಕ್ಯಾಮೆರಾ ಹಿಡಿಯುವವರು ಬೇರೆ, ಸೌಂಡ್ ನೋಡುವವರು ಬೇರೆ, ಎಡಿಟಿಂಗ್ ಮಾಡುವವರು ಬೇರೆ. ನಮ್ಮಲ್ಲಿ ಹಾಗೆ ನಡೆಯುವುದಿಲ್ಲ. ಬೆಳಗ್ಗೆ ಕ್ಯಾಮೆರಾ ಹಿಡಿದವರೇ ಸಂಜೆ ಟೈಮ್‌ಲೈನ್ ಮುಂದೆ ಕೂರಬೇಕು, ನಡುವೆ ಪಾರ್ಟಿಯ (ಕೆಲಸ ಕೊಡುವ ಗಿರಾಕಿಯ) ಫೋನ್ ತೆಗೆದುಕೊಂಡು ರೇಟೂ ಮಾತಾಡಬೇಕು. ಕೆಲಸವೂ ಒಂದೇ ಬಗೆಯದಲ್ಲ: ಮದುವೆ, ಬ್ರಹ್ಮಕಲಶೋತ್ಸವದ ಲೈವ್, ಕಾಲೇಜಿನ ಪರಿಚಯ ಚಿತ್ರ, ಆಸ್ಪತ್ರೆಯ ಜಾಹೀರಾತು, ಮೀನುಗಾರಿಕೆಯ ಸಾಕ್ಷ್ಯಚಿತ್ರ, ಯಕ್ಷಗಾನದ ದಾಖಲೀಕರಣ.

ಹೊಸದಾಗಿ ಸೇರಿದವರು ಈ ವೈವಿಧ್ಯಕ್ಕೆ ಹೆದರುತ್ತಾರೆ. ಪ್ರತಿ ಕೆಲಸಕ್ಕೂ ಬೇರೆ ವಿದ್ಯೆ ಬೇಕೆಂದು ಅವರಿಗೆ ಅನ್ನಿಸುತ್ತದೆ. ನನ್ನ ಅನುಭವದಲ್ಲಿ ಯಾವ ಕೆಲಸಕ್ಕೆ ಹೊರಟರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕೆಲಸದಲ್ಲಿ ಎರಡನೇ ಸಲ ಸಿಗದೇ ಇರುವುದು ಯಾವುದು? ಅದನ್ನು ಗುರುತಿಸಿ ಇರುವ ಜನ, ಸಾಮಾನು, ಸಮಯವನ್ನು ಮೊದಲು ಅದಕ್ಕೆ ಮೀಸಲಿಡಿ. ಮಿಕ್ಕಿದ್ದನ್ನು ಆಮೇಲೆ ಸರಿದೂಗಿಸಬಹುದು.

ಹಂತ 1: ವರ್ಷದ ಲೆಕ್ಕ ಬರೆದು ಗೋಡೆಗೆ ಅಂಟಿಸಿ

ಕರಾವಳಿಯಲ್ಲಿ ನಮ್ಮ ಕೆಲಸ ಪಂಚಾಂಗ ಮತ್ತು ಮಳೆಯನ್ನು ನೋಡಿಕೊಂಡು ನಡೆಯುತ್ತದೆ. ಆಷಾಢದಲ್ಲೂ ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗಿನ ಧನುರ್ಮಾಸದಲ್ಲೂ ಮದುವೆ ಇರುವುದಿಲ್ಲ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಮೇ ತಿಂಗಳ ಕೊನೆಯ ವಾರದ ಪತ್ತನಾಜೆಯ (ತುಳುನಾಡಿನ ಆಟ, ಉತ್ಸವಗಳ ಋತು ಮುಗಿಯುವ ದಿನ) ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಆಗ ಮಲ್ಪೆ ಬಂದರಿಗೆ ಹೋದರೆ ದಡಕ್ಕೆ ಕಟ್ಟಿದ ಬೋಟುಗಳು ಸಿಗುತ್ತವೆ, ಮೀನು ಇಳಿಸುವ ಗಡಿಬಿಡಿ ಸಿಗುವುದಿಲ್ಲ. "ಜೂನ್‌ನಲ್ಲಿ ಮೀನುಗಾರಿಕೆಯ ವಿಡಿಯೊ ಮಾಡಿಕೊಡಿ" ಎಂದು ಘಟ್ಟದ ಮೇಲಿನ ಪಾರ್ಟಿ ಕೇಳಿದರೆ ಈ ಸಂಗತಿಯನ್ನು ಕೊಟೇಶನ್ ಕೊಡುವ ಮೊದಲೇ ಹೇಳಬೇಕಾದವರು ನೀವು.

ಹೀಗೆ ಬರೆದಿಟ್ಟರೆ ಯಾವ ತಿಂಗಳು ಯಾವ ಕೆಲಸ ಹುಡುಕಬೇಕು ಎಂಬುದು ಕಾಣುತ್ತದೆ. ಆಷಾಢದಲ್ಲಿ ಕಾಲೇಜು, ಆಸ್ಪತ್ರೆ, ಫ್ಯಾಕ್ಟರಿಗಳ ಒಳಾಂಗಣ ಶೂಟಿಂಗ್ ಇಟ್ಟುಕೊಳ್ಳಿ. ಬಾಕಿ ಉಳಿದ ಮದುವೆ ಎಡಿಟಿಂಗನ್ನೂ ಆಗಲೇ ಮುಗಿಸಿ. ಪಾರ್ಟಿಗಳು ಆಲ್ಬಂ ಮತ್ತು ವಿಡಿಯೊಗಾಗಿ ಫೋನ್ ಮಾಡಿ ಮಾಡಿ ಸುಸ್ತಾಗುವುದು ನಮ್ಮ ಕ್ಷೇತ್ರಕ್ಕೆ ಅಂಟಿದ ಕೆಟ್ಟ ಹೆಸರು. ಅದು ಹೋಗಬೇಕು.

ಹಂತ 2: ಹೊರಡುವ ಮೊದಲು ಕೇಳಬೇಕಾದ್ದನ್ನು ಕೇಳಿ ಬರೆದುಕೊಳ್ಳಿ

ಮದುವೆಯಾದರೆ ಆಮಂತ್ರಣ ಪತ್ರಿಕೆಯ ಫೋಟೊ ತರಿಸಿಕೊಳ್ಳಿ. ಹೆಸರುಗಳ ಕಾಗುಣಿತ, ಮನೆತನ, ಮುಹೂರ್ತದ ಲಗ್ನ, ಸಭಾಂಗಣ ಎಲ್ಲವೂ ಅದರಲ್ಲೇ ಇರುತ್ತವೆ. ಅಭಿಜಿನ್ ಲಗ್ನ ಎಂದಿದ್ದರೆ ಧಾರೆ ನಡುಮಧ್ಯಾಹ್ನದ ಸುಮಾರಿಗೆ. ಬೆಳಗ್ಗೆ ಬೇಗ ಬರುವ ಲಗ್ನವಾದರೆ ವಧುವಿನ ಮನೆಗೆ ನಸುಕಿನಲ್ಲೇ ಮುಟ್ಟಬೇಕು. ಟೈಟಲ್ ಬರೆಯುವಾಗಲೂ ಪತ್ರಿಕೆಯಲ್ಲಿ ಇದ್ದಂತೆಯೇ ಬರೆಯಿರಿ. ತೀರಿಕೊಂಡ ಹಿರಿಯರ ಹೆಸರಿನ ಹಿಂದೆ 'ದಿ.' ಇದೆಯೋ ಇಲ್ಲವೋ ಎಂಬುದನ್ನು ಎರಡು ಸಲ ನೋಡಿ. ಅಲ್ಲಿ ತಪ್ಪಿದರೆ ಆ ಮನೆಯವರಿಗೆ ಆಗುವ ನೋವು ನೀವು ಎಷ್ಟು ಚಂದದ ಡ್ರೋನ್ ಶಾಟ್ ಹಾಕಿದರೂ ಹೋಗುವುದಿಲ್ಲ.

ಕಂಪನಿ ಚಿತ್ರವಾದರೆ ಕೇಳಬೇಕಾದ್ದು ಬೇರೆ. ಇದನ್ನು ಯಾರು ನೋಡುತ್ತಾರೆ, ಎಲ್ಲಿ ನೋಡುತ್ತಾರೆ? ವಾಟ್ಸಾಪ್ ಸ್ಟೇಟಸ್‌ಗೆ ಬೇಕಾದರೆ ಲಂಬ ಚೌಕಟ್ಟು, ಸಭಾಂಗಣದ ಪರದೆಗಾದರೆ ಅಡ್ಡ. ಎರಡೂ ಬೇಕೆಂದರೆ ಶೂಟಿಂಗ್ ಸಮಯದಲ್ಲೇ ಮುಖ್ಯವಾದದ್ದನ್ನು ಚೌಕಟ್ಟಿನ ನಡುವೆ ಇಟ್ಟು, ಅಕ್ಕಪಕ್ಕ ಜಾಗ ಬಿಟ್ಟು ತೆಗೆಯಬೇಕು. ಕೊನೆಗೆ ಒಪ್ಪಿಗೆ ಕೊಡುವವರು ಯಾರು ಎಂಬುದನ್ನೂ ಕೇಳಿ. ಮ್ಯಾನೇಜರ್ "ಸೂಪರ್ ಸರ್" ಅಂದ ಮೇಲೆ ಮಾಲೀಕರ ಮಗ ದುಬೈಯಿಂದ ಫೋನ್ ಮಾಡಿ ಎಲ್ಲ ಬದಲಿಸಲು ಹೇಳುವುದು ನಮ್ಮ ಕಡೆ ತೀರಾ ಸಾಮಾನ್ಯ.

ಮಾತಾಡಿದ್ದನ್ನೆಲ್ಲ ಅವತ್ತೇ ಒಂದು ವಾಟ್ಸಾಪ್ ಸಂದೇಶದಲ್ಲಿ ಬರೆದು ಕಳಿಸಿ: ಎಷ್ಟು ನಿಮಿಷದ ವಿಡಿಯೊ, ಎಷ್ಟು ಸಲ ತಿದ್ದುಪಡಿ, ಯಾವತ್ತು ಕೊಡುವುದು, ಅಡ್ವಾನ್ಸ್ ಎಷ್ಟು. ಅರ್ಧ ಹಣ ಮೊದಲು, ಅರ್ಧ ಫೈಲ್ ಕೊಡುವಾಗ, ತಿದ್ದುಪಡಿ ಎರಡು ಸಲ ಎಂಬ ಲೆಕ್ಕ ನನಗೆ ಸರಿ ಕಾಣುತ್ತದೆ.

ಹಂತ 3: ಕ್ಯಾಮೆರಾದ ಲೆಕ್ಕ ಒಂದೇ ಇರಲಿ

ಕಂಪನಿಯ ಎಲ್ಲ ಕ್ಯಾಮೆರಾಗಳನ್ನೂ ಸೆಕೆಂಡಿಗೆ 25 ಫ್ರೇಮ್‌ಗೆ ಇಡಿ, ನಿಧಾನಗತಿ ಬೇಕಾದಲ್ಲಿ 50. ಕಾರಣ ಸರಳ: ನಮ್ಮ ಕರೆಂಟ್ 50 ಹರ್ಟ್ಸ್. ಸಭಾಂಗಣದ ಟ್ಯೂಬ್‌ಲೈಟ್, ಅಗ್ಗದ ಎಲ್ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ (ಒಂದೊಂದು ಫ್ರೇಮ್‌ಗೆ ಬೆಳಕು ಬೀಳುವ ಅವಧಿ) ಸೆಕೆಂಡಿನ 1/50 ಅಥವಾ 1/100 ಇದ್ದರೆ ಆ ಮಿನುಗು ಕಾಣಿಸುವುದಿಲ್ಲ. 30 ಫ್ರೇಮ್, 1/60 ಶಟರ್ ಇಟ್ಟರೆ ಮದುಮಗಳ ಮುಖದ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ. ಎಡಿಟಿಂಗ್‌ನಲ್ಲಿ ಅದನ್ನು ಪೂರ್ತಿ ತೆಗೆಯುವುದು ಕಷ್ಟ. ಬಾಡಿಗೆ ಕ್ಯಾಮೆರಾ ತಂದ ದಿನ ಮೊದಲು ನೋಡಬೇಕಾದ್ದು ಇದನ್ನೇ. ವೇದಿಕೆಯ ಎಲ್ಇಡಿ ಪರದೆಗಳು ಈ ಲೆಕ್ಕಕ್ಕೂ ಬಗ್ಗದಿದ್ದರೆ ಶಟರನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಮಾನಿಟರ್‌ನಲ್ಲಿ ಪಟ್ಟಿ ಮಾಯವಾಗುವ ಜಾಗ ಹುಡುಕಿ.

ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಹಲವು 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ನಿಲ್ಲಿಸಿಬಿಡುತ್ತವೆ. ಉದ್ದದ ಭಾಷಣ, ಯಕ್ಷಗಾನ, ಧಾರ್ಮಿಕ ಸಭೆಗೆ ಅಂಥ ಕ್ಯಾಮೆರಾ ಒಯ್ದರೆ ಒಬ್ಬರು ಗಡಿಯಾರ ನೋಡುತ್ತಲೇ ಇರಬೇಕು.

ನಮ್ಮ ಸೆಕೆಗೂ ಒಂದು ಮಾತು. ಎಸಿ ಹಾಲ್‌ನಿಂದ ಹೊರಗಿನ ತೇವದ ಗಾಳಿಗೆ ಕ್ಯಾಮೆರಾ ತಂದ ಕೂಡಲೇ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಹೊರಗೆ ದಿಬ್ಬಣದ ಶಾಟ್ ಇದ್ದರೆ ಒಂದು ಕ್ಯಾಮೆರಾವನ್ನು ಮೊದಲೇ ಚೀಲದ ಸಮೇತ ಹಾಲ್‌ನ ಹೊರಗಿಟ್ಟು ಹದಕ್ಕೆ ಬರಲು ಬಿಡಿ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುವುದು ಇಲ್ಲಿಯ ದೊಡ್ಡ ನಷ್ಟ. 40ರಿಂದ 50 ಶೇಕಡಾ ತೇವಾಂಶಕ್ಕೆ ನಿಲ್ಲಿಸಿದ ಡ್ರೈ ಕ್ಯಾಬಿನೆಟ್ ಹೊಸ ಲೆನ್ಸಿಗಿಂತ ಮೊದಲು ಬರಬೇಕು.

ಹಂತ 4: ಮರಳಿ ಸಿಗದ್ದಕ್ಕೆ ಇಬ್ಬರನ್ನು ನಿಲ್ಲಿಸಿ

*ಮದುವೆಯಲ್ಲಿ ಧಾರೆ.* ಊಟ, ಸ್ಟೇಜಿನ ಸಾಲು, ಗಂಡು ಹೆಣ್ಣಿನ ಹೊರಾಂಗಣ ಶಾಟ್ ಎಲ್ಲವನ್ನೂ ಹಿಂದೆ ಮುಂದೆ ಮಾಡಬಹುದು. ಅಂತರಪಟ ಸರಿದು ಮುಖ ನೋಡುವ ಗಳಿಗೆ, ಧಾರೆಯ ನೀರು, ಮಾಂಗಲ್ಯಧಾರಣೆ, ಇವು ಕೆಲವೇ ನಿಮಿಷದಲ್ಲಿ ಮುಗಿಯುತ್ತವೆ. ಆಗಲೇ ನೆಂಟರೆಲ್ಲ ಮೊಬೈಲ್ ಹಿಡಿದು ಮಂಟಪ ಮುತ್ತುತ್ತಾರೆ. ಮುಂಚಿತವಾಗಿ ಪುರೋಹಿತರ ಹತ್ತಿರ ಹೋಗಿ "ಭಟ್ರೇ, ಧಾರೆಗೆ ನೀವು ಯಾವ ಕಡೆ ಕೂತ್ಕೊಳ್ತೀರಿ? ನಾವು ಎಲ್ಲಿ ನಿಂತ್ರೆ ನಿಮ್ಗೆ ಅಡ್ಡಿ ಆಗ್ಲಿಕ್ಕಿಲ್ಲ?" ಎಂದು ಕೇಳಿ. ಗೌರವದಿಂದ ಕೇಳಿದರೆ ಅವರೇ ಜಾಗ ಮಾಡಿಕೊಡುತ್ತಾರೆ, ಬೇಕಾದಲ್ಲಿ "ಸ್ವಲ್ಪ ಸರೀರಿ, ವಿಡಿಯೊದವರಿಗೆ ಕಾಣಲಿ" ಎಂದು ಜನರಿಗೂ ಹೇಳುತ್ತಾರೆ. ಸ್ಟಿಲ್ ಫೋಟೊದವರ ಜತೆಗೂ ಆಗಲೇ ಎಡ ಬಲ ಹಂಚಿಕೊಳ್ಳಿ. ಒಂದು ಕ್ಯಾಮೆರಾ ಟ್ರೈಪಾಡ್ ಮೇಲೆ, ಮಂಟಪ ಪೂರ್ತಿ ಕಾಣುವಂತೆ, ಯಾರೂ ಮುಟ್ಟದ ಹಾಗೆ ಓಡುತ್ತಿರಲಿ. ಇನ್ನೊಂದು ಕೈಯಲ್ಲಿ.

*ಯಕ್ಷಗಾನದಲ್ಲಿ ಧ್ವನಿ.* ನನಗೆ ಅತಿ ಪ್ರೀತಿಯ ಕೆಲಸ ಇದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ದೃಶ್ಯದಲ್ಲಿ ಒಂದು ಶಾಟ್ ಅಲುಗಿದರೆ ಇನ್ನೊಂದು ಕ್ಯಾಮೆರಾದಿಂದ ಮುಚ್ಚಬಹುದು. ಭಾಗವತರ ಒಂದು ಪದ್ಯ ಒಡೆದ ಧ್ವನಿಯಲ್ಲಿ ರೆಕಾರ್ಡ್ ಆದರೆ ಮುಗಿಯಿತು.

ಮೊದಲು ಸೌಂಡ್‌ನವರ ಪರಿಚಯ ಮಾಡಿಕೊಳ್ಳಿ. ಅವರ ಮಿಕ್ಸರ್‌ನಿಂದ ಒಂದು ಔಟ್ ತೆಗೆದುಕೊಂಡು ನಿಮ್ಮ ರೆಕಾರ್ಡರ್‌ಗೆ ಕೊಡಿ. ರೆಕಾರ್ಡರ್‌ನ ಇನ್‌ಪುಟ್ 'ಲೈನ್'ನಲ್ಲಿ ಇದೆಯೇ ಎಂದು ನೋಡಿ. 'ಮೈಕ್'ನಲ್ಲಿ ಉಳಿದಿದ್ದರೆ ಮಟ್ಟ ಎಷ್ಟು ಇಳಿಸಿದರೂ ಧ್ವನಿ ಸೀಳುತ್ತದೆ. ಆದರೆ ಮಿಕ್ಸರ್‌ನ ಧ್ವನಿಯೊಂದೇ ಸಾಲದು. ಅದರಲ್ಲಿ ಭಾಗವತಿಕೆ (ಭಾಗವತರ ಹಾಡು), ವೇಷಧಾರಿಗಳ ಮಾತು ದಟ್ಟವಾಗಿರುತ್ತವೆ, ಚೆಂಡೆ ಮಾತ್ರ ಸಣ್ಣದಾಗಿ ಕೇಳುತ್ತದೆ. ಚೆಂಡೆಯ ಸದ್ದು ತಾನಾಗಿಯೇ ಊರಿಗೆಲ್ಲ ಕೇಳುವಷ್ಟಿರುವಾಗ ಸೌಂಡ್‌ನವರು ಅದನ್ನು ಏರಿಸುವ ಗೋಜಿಗೆ ಹೋಗುವುದಿಲ್ಲ. ಆದ್ದರಿಂದ ರಂಗಸ್ಥಳದ ಎದುರು, ಚೆಂಡೆಯಿಂದ ದೂರದಲ್ಲಿ ಎರಡು ಮೈಕ್ ಬೇರೆಯಾಗಿ ಇಡಿ. ಗೆಜ್ಜೆಯ ಸದ್ದು, ಪ್ರೇಕ್ಷಕರ ಚಪ್ಪಾಳೆ, ಬಯಲಿನ ಗಾಳಿ ಸಿಗುವುದು ಅಲ್ಲಿಂದಲೇ. ಕೂತು ಬೆರೆಸುವಾಗ ಆಟದ ಜೀವ ಬರುವುದೂ ಅದರಿಂದಲೇ.

ಮಟ್ಟವನ್ನು ಮಾತಿನ ಹೊತ್ತಿಗೆ ನೋಡಿ ಇಡಬೇಡಿ. ಶಾಂತವಾದ ಸಂಭಾಷಣೆ ಮುಗಿದು ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶವಾದಾಗ ಚೆಂಡೆ ಒಮ್ಮೆಲೇ ಸಿಡಿಯುತ್ತದೆ. ಪ್ರವೇಶದ ಅಬ್ಬರದಲ್ಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ಇಟ್ಟರೆ ಕ್ಷೇಮ. ಅದೇ ಧ್ವನಿಯನ್ನು ಕಡಿಮೆ ಮಟ್ಟದಲ್ಲಿ ಇನ್ನೊಂದು ಟ್ರ್ಯಾಕಿಗೆ ಬರೆಯುವ ಸೌಲಭ್ಯ ರೆಕಾರ್ಡರ್‌ನಲ್ಲಿದ್ದರೆ ಹಾಕಿಡಿ. ಎಷ್ಟು ಜೋರಿನ ಸದ್ದನ್ನೂ ಒಡೆಯದೆ ಬರೆದಿಡುವ 32 ಬಿಟ್ ಫ್ಲೋಟ್ ರೆಕಾರ್ಡರ್ ಇದ್ದರೆ ಅರ್ಧ ತಲೆಬಿಸಿ ಕಡಿಮೆ, ಆದರೂ ಮೈಕ್ ತನ್ನಷ್ಟಕ್ಕೆ ಒಡೆದರೆ ಅದೂ ಉಳಿಸುವುದಿಲ್ಲ. ಗಂಟೆಗಟ್ಟಲೆ ಓಡಿದಾಗ ಕ್ಯಾಮೆರಾ ಮತ್ತು ರೆಕಾರ್ಡರ್‌ನ ಗಡಿಯಾರಗಳು ಕೂದಲೆಳೆಯಷ್ಟು ಬೇರೆಯಾಗುತ್ತಾ ಹೋಗುತ್ತವೆ. ಪ್ರತಿ ಪ್ರಸಂಗಭಾಗಕ್ಕೂ ಹೊಸದಾಗಿ ಚೆಂಡೆಯ ಒಂದು ಪೆಟ್ಟನ್ನು ಹಿಡಿದು ಹೊಂದಿಸಿಕೊಳ್ಳಿ.

ಚೌಕಿಗೆ (ಕಲಾವಿದರು ವೇಷ ಕಟ್ಟುವ ಜಾಗಕ್ಕೆ) ಹೋಗುವುದಿದ್ದರೆ ಅನುಮತಿ ಕೇಳಿ, ಚಪ್ಪಲಿ ಹೊರಗೆ ಬಿಡಿ. ಬಣ್ಣ ಹಾಕಿಕೊಳ್ಳುವ ಕಲಾವಿದರ ಮುಖಕ್ಕೆ ಲೈಟ್ ಹಿಡಿಯಬೇಡಿ. ಕನ್ನಡಿಯ ಮುಂದಿನ ಬಲ್ಬಿನ ಬೆಳಕೇ ಸಾಕು, ಚಂದವೂ ಅದೇ.

*ಭೂತಕೋಲದಲ್ಲಿ ಅನುಮತಿ.* ಹಲವು ದೈವಸ್ಥಾನಗಳಲ್ಲಿ ಚಿತ್ರೀಕರಣ ಬೇಡ ಅನ್ನುತ್ತಾರೆ. ಆಹ್ವಾನ ಕೊಟ್ಟ ಮನೆಯವರು ಒಪ್ಪಿದರೆ ಸಾಲದು, ಗುತ್ತಿನ (ಊರಿನ ಹಳೆಯ ಮುಖ್ಯ ಮನೆತನದ) ಹಿರಿಯರು ಮತ್ತು ಆಡಳಿತ ಸಮಿತಿಯವರನ್ನು ಕೇಳಿ. ಬೇಡವೆಂದರೆ ಕ್ಯಾಮೆರಾ ಚೀಲದಲ್ಲೇ ಇರಲಿ. ಇಲ್ಲಿ ನಂಬಿಕೆ ಒಮ್ಮೆ ಕಳೆದುಕೊಂಡರೆ ಆ ಊರಿಗೆ ಮತ್ತೆ ಯಾವ ಕೆಲಸಕ್ಕೂ ಹೋಗುವಂತಿಲ್ಲ.

*ಫ್ಯಾಕ್ಟರಿಯಲ್ಲಿ ಮನುಷ್ಯರ ಮಾತು.* ಗೇರುಬೀಜ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಬೀಜ ಬೇಯಿಸುವುದು, ಒಡೆಯುವುದು, ಬೋರ್ಮಾದಲ್ಲಿ (ಬಿಸಿಗಾಳಿಯ ಗೂಡಿನಲ್ಲಿ) ಒಣಗಿಸುವುದು, ಸಿಪ್ಪೆ ಬಿಡಿಸುವುದು, ಡಬ್ಲ್ಯು 180, 240, 320 ಎಂದು ಗ್ರೇಡ್ ಮಾಡುವುದು ದಿನವೂ ನಡೆಯುತ್ತದೆ. ಇವತ್ತು ಸರಿ ಬರದಿದ್ದರೆ ನಾಳೆ ತೆಗೆಯಬಹುದು. (320 ಎಂದರೆ ಒಂದು ಪೌಂಡಿಗೆ ಸುಮಾರು 300ರಿಂದ 320 ತಿರುಳು. ಸಂಖ್ಯೆ ಸಣ್ಣದಾದಷ್ಟೂ ಬೀಜ ದೊಡ್ಡದು. ಇಷ್ಟು ತಿಳಿದುಕೊಂಡು ಹೋದರೆ ಸೂಪರ್‌ವೈಸರ್ ನಿಮ್ಮ ಜತೆ ಮಾತಾಡುವ ರೀತಿಯೇ ಬೇರೆ.) ಕಷ್ಟವಾಗುವುದು ಕೆಲಸಗಾರರ ಸಂದರ್ಶನ. ಸಾಲಿನಲ್ಲಿ ಕೂತು ಸಿಪ್ಪೆ ಬಿಡಿಸುವ ಹೆಂಗಸರ ಹತ್ತಿರ "ಎಷ್ಟು ವರ್ಷದಿಂದ ಕೆಲಸ ಮಾಡ್ತೀರಿ?" ಎಂದು ಕೇಳಿದರೆ "ಹದಿನೆಂಟು" ಎಂಬ ಒಂದೇ ಮಾತು ಬರುತ್ತದೆ. ನಿಮ್ಮ ಪ್ರಶ್ನೆಯನ್ನು ಕತ್ತರಿಸಿದ ಮೇಲೆ ಆ ಉತ್ತರ ಯಾವುದಕ್ಕೂ ಆಗುವುದಿಲ್ಲ. "ಅಕ್ಕಾ, ನೀವು ಇಲ್ಲಿಗೆ ಸೇರಿದ ಮೊದಲ ದಿನ ಹೇಗಿತ್ತು ಹೇಳಿ" ಎಂದು ಕೇಳಿ. ಅವರಿಗೆ ತುಳು ಸಲೀಸಾದರೆ ತುಳುವಿನಲ್ಲೇ ಕೇಳಿ, ತುಳುವಿನಲ್ಲೇ ಉತ್ತರಿಸಲಿ, ಕೆಳಗೆ ಕನ್ನಡ ಸಬ್‌ಟೈಟಲ್ ಹಾಕೋಣ. ಕೈಯಲ್ಲಿ ಬರೆದುಕೊಟ್ಟ ಶುದ್ಧ ಕನ್ನಡ ವಾಕ್ಯ ಓದಿಸಿದರೆ ಮುಖ ಕಟ್ಟಿಕೊಳ್ಳುತ್ತದೆ. ಯಂತ್ರಗಳ ಸದ್ದಿನಿಂದ ದೂರ, ನೆರಳಿನಲ್ಲಿ ಕೂರಿಸಿ ಕಾಲರ್ ಮೈಕ್ ಹಾಕಿ. ಯಂತ್ರದ ಸದ್ದನ್ನು ಆಮೇಲೆ ಬೇರೆಯಾಗಿ ಎರಡು ನಿಮಿಷ ರೆಕಾರ್ಡ್ ಮಾಡಿ ತನ್ನಿ.

ಹಂತ 5: ಡ್ರೋನ್, ಹಾಡು, ಜಾಹೀರಾತು: ಕಾನೂನಿನ ಮೂರು ಸಂಗತಿ

2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಪೂರ್ವಾನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವೆ ಈ ಮಿತಿ 200 ಅಡಿ. ಮಂಗಳೂರಿನ ಸುತ್ತ ಬಜ್ಪೆಯ ವಿಮಾನ ನಿಲ್ದಾಣ ಇರುವುದರಿಂದ ಪ್ರತಿ ಸಲ ಈ ವಲಯಗಳನ್ನು ತೋರಿಸುವ ಸರಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಯೇ ಹೊರಡಿ. 250 ಗ್ರಾಂಗಿಂತ ಭಾರದ ಡ್ರೋನನ್ನು ದುಡಿಮೆಗಾಗಿ ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಇರಬೇಕು. ಪ್ರಮಾಣಪತ್ರ ಇಲ್ಲದಿದ್ದರೆ ಇರುವವರನ್ನು ದಿನದ ಬಾಡಿಗೆಗೆ ಕರೆಸಿ.

ಹಾಡಿನ ವಿಷಯದಲ್ಲಿ ಗೊಂದಲ ಜಾಸ್ತಿ. ಮದುವೆ ಸಮಾರಂಭ, ದಿಬ್ಬಣದಲ್ಲಿ ಹಾಡು ನುಡಿಸುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅದೇ ಸಿನಿಮಾ ಹಾಡನ್ನು ಹೈಲೈಟ್ ವಿಡಿಯೊಗೆ ಜೋಡಿಸಿ ಯೂಟ್ಯೂಬ್‌ಗೆ ಹಾಕುವುದು ಬೇರೆ ಸಂಗತಿ, ಅದಕ್ಕೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಜಾಹೀರಾತಿಗಂತೂ ಬೇಡವೇ ಬೇಡ. ಪರವಾನಗಿ ಕೊಡುವ ಸಂಗೀತ ಜಾಲತಾಣಗಳ ಚಂದಾ ತೆಗೆದುಕೊಳ್ಳಿ. ಅದಕ್ಕಿಂತ ನನಗೆ ಇಷ್ಟದ ದಾರಿ ಊರಿನ ಕೊಳಲು, ಕೀಬೋರ್ಡ್ ವಾದಕರಿಂದ ಸಣ್ಣ ತುಣುಕುಗಳನ್ನು ಬರೆಸಿ, ಹಣ ಕೊಟ್ಟು, ಹಕ್ಕಿನ ಪತ್ರ ಮಾಡಿಸಿಕೊಳ್ಳುವುದು. ನಿಮ್ಮ ಕಂಪನಿಯ ವಿಡಿಯೊಗಳಿಗೆ ತನ್ನದೇ ಆದ ಧ್ವನಿ ಬರುತ್ತದೆ.

ಚುನಾವಣೆಯ ಕಾಲದಲ್ಲಿ ರಾಜಕೀಯ ಜಾಹೀರಾತು ಮಾಡಿಕೊಟ್ಟರೆ, ಅದು ಟಿವಿ ಮತ್ತು ಸಾಮಾಜಿಕ ಜಾಲತಾಣಗಳಲ್ಲಿ ಬರುವ ಮೊದಲು ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಯ ಒಪ್ಪಿಗೆ ಬೇಕು. ಆ ಕಾಗದ ಅಭ್ಯರ್ಥಿಯ ಕಡೆಯವರ ಹೊಣೆ ಎಂದು ಮೊದಲೇ ಬರೆಸಿಕೊಳ್ಳಿ, ಪೂರ್ತಿ ಹಣವನ್ನೂ ಮೊದಲೇ ತೆಗೆದುಕೊಳ್ಳಿ.

ಹಂತ 6: ಮನೆಗೆ ಹೋಗುವ ಮೊದಲು ಕಾಪಿ

ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ 4ಕೆ ರೆಕಾರ್ಡ್ ಮಾಡಿದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಐದು ಗಂಟೆಯ ಆಟ ಎಂದರೆ 450 ಜಿಬಿ. ಈ ಲೆಕ್ಕ ಹಾಕದೆ ಕಾರ್ಡ್ ಒಯ್ದರೆ ಮಧ್ಯರಾತ್ರಿ ಯಾವುದೋ ಒಂದನ್ನು ಅಳಿಸುವ ಪರಿಸ್ಥಿತಿ ಬರುತ್ತದೆ. ಶೂಟಿಂಗ್ ಮುಗಿದ ರಾತ್ರಿಯೇ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಎರಡರಲ್ಲೂ ಕೆಲವು ಫೈಲ್ ತೆರೆದು ಕೊನೆಯವರೆಗೆ ಓಡಿಸಿ ನೋಡಿ, ಆಮೇಲೆ ಕ್ಯಾಮೆರಾದಲ್ಲೇ ಕಾರ್ಡ್ ಫಾರ್ಮ್ಯಾಟ್ ಮಾಡಿ. ಎರಡು ಡಿಸ್ಕೂ ಒಂದೇ ಕೋಣೆಯಲ್ಲಿ ಇರುವುದು ಬೇಡ. ಫೋಲ್ಡರಿನ ಹೆಸರು ವರ್ಷ-ತಿಂಗಳು-ದಿನಾಂಕದಿಂದ ಶುರುವಾಗಲಿ, ತಾನಾಗಿ ಸಾಲಾಗಿ ನಿಲ್ಲುತ್ತದೆ. ಗುಡುಗಿನ ಸಂಜೆ ಯುಪಿಎಸ್ ಇಲ್ಲದ ಕಂಪ್ಯೂಟರ್‌ನಲ್ಲಿ ಕಾಪಿ ಹಾಕಬೇಡಿ.

ಹಂತ 7: ಟೇಬಲ್ ಮುಂದೆ ಕನ್ನಡ ಕೆಡದ ಹಾಗೆ

ಟೈಟಲ್‌ನಲ್ಲಿ ಒತ್ತಕ್ಷರ ಮುರಿದು 'ಕ್ಷೇತ್ರ' ಎನ್ನುವುದು ತುಂಡು ತುಂಡಾಗಿ ಬಂದರೆ ಫಾಂಟ್ ಕೆಟ್ಟಿದೆ ಎಂದುಕೊಳ್ಳಬೇಡಿ. ಪ್ರೀಮಿಯರ್ ಪ್ರೊದಲ್ಲಿ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗಕ್ಕೆ, ಆಫ್ಟರ್ ಎಫೆಕ್ಟ್ಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ ನಿಮ್ಮ ಆವೃತ್ತಿಯಲ್ಲಿ 'ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್' ಎಂಬುದು ಇದ್ದರೆ ಅದನ್ನು ಆಯ್ಕೆ ಮಾಡಿ, ಹೊಸ ಟೆಕ್ಸ್ಟ್ ಬರೆಯಿರಿ. ಸರಕಾರಿ ಕಚೇರಿ, ಹಳೆಯ ಪ್ರೆಸ್‌ಗಳಿಂದ ಬರುವ ಪಠ್ಯ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಎನ್ಕೋಡಿಂಗ್‌ನಲ್ಲಿ ಇದ್ದರೆ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಮತ್ತು ಸಂಖ್ಯೆಗಳನ್ನು ಕಣ್ಣಿಟ್ಟು ಓದಿ. ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಉಚಿತವಾಗಿ ಸಿಗುವ ಒಳ್ಳೆಯ ಫಾಂಟ್‌ಗಳು. ನಮ್ಮ ಅಕ್ಷರಗಳಿಗೆ ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ಎರಡು ಸಾಲಿನ ನಡುವೆ ಜಾಗ ಹೆಚ್ಚು ಬಿಡಿ.

ಕೊಡುವಾಗ ಧ್ವನಿಯ ಮಟ್ಟ ಯೂಟ್ಯೂಬ್‌ಗೆ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಆಸುಪಾಸು. ಟಿವಿಗೆ ಕೊಡುವುದಾದರೆ ಚಾನೆಲ್‌ನ ಷರತ್ತು ಕೇಳಿಯೇ ಕೊಡಿ.

ಹಂತ 8: ಹಣ

ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಕಂಪನಿಗಳು ಬಿಲ್ಲಿನಲ್ಲಿ ಟಿಡಿಎಸ್ ಮುರಿದುಕೊಂಡರೆ ಅದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಜಾಲತಾಣದಲ್ಲಿ ನೋಡಿ. ಸರಕಾರಿ ಕೆಲಸದ ಹಣ ತಡವಾಗಿ ಬರುತ್ತದೆ ಎಂದು ಲೆಕ್ಕ ಹಿಡಿದೇ ಒಪ್ಪಿಕೊಳ್ಳಿ.

ಹಂತ 9: ಯಾವುದನ್ನು ಅಳಿಸಬಹುದು, ಯಾವುದನ್ನು ಅಳಿಸಬಾರದು

ಡಿಸ್ಕ್ ತುಂಬಿದಾಗ ಈ ಪ್ರಶ್ನೆ ಬಂದೇ ಬರುತ್ತದೆ. ಮದುವೆಯ ಮೂಲ ಫೂಟೇಜನ್ನು ಎಷ್ಟು ಕಾಲ ಇಡುತ್ತೇವೆಂದು ಪಾರ್ಟಿಗೆ ಮೊದಲೇ ಹೇಳಿ, ಅಳಿಸುವ ಮೊದಲು ಫೋನ್ ಮಾಡಿ "ಡಿಸ್ಕ್ ತಂದ್ರೆ ಕಾಪಿ ಮಾಡ್ಕೊಡ್ತೇವೆ" ಅನ್ನಿ. ಕಂಪನಿ ಚಿತ್ರಗಳ ಅಂತಿಮ ಪ್ರತಿ ಮತ್ತು ಸಂದರ್ಶನಗಳನ್ನು ಇಟ್ಟುಕೊಂಡರೆ ಸಾಕು.

ಯಕ್ಷಗಾನ, ತಾಳಮದ್ದಳೆ, ಪಾಡ್ದನ (ತುಳುವಿನ ಮೌಖಿಕ ಕಥನಗೀತೆ), ಹಿರಿಯರ ಸಂದರ್ಶನಗಳನ್ನು ಮಾತ್ರ ದಯವಿಟ್ಟು ಅಳಿಸಬೇಡಿ. ಒಬ್ಬ ಭಾಗವತರ ಗಂಟಲು ಅತ್ಯುತ್ತಮ ಸ್ಥಿತಿಯಲ್ಲಿದ್ದ ರಾತ್ರಿ ಮತ್ತೆ ಬರುವುದಿಲ್ಲ. ಅದರ ದಾಖಲೆ ನಿಮ್ಮ ಸಣ್ಣ ಕಂಪನಿಯ ಒಂದು ಡಿಸ್ಕಿನಲ್ಲಿ ಮಾತ್ರ ಇರಬಹುದು. ಆ ಫೋಲ್ಡರಿನಲ್ಲಿ ಒಂದು ಸಣ್ಣ ಟೆಕ್ಸ್ಟ್ ಫೈಲ್ ಇಡಿ. ಊರು, ದಿನಾಂಕ, ಮೇಳ, ಪ್ರಸಂಗ, ಭಾಗವತರು, ಚೆಂಡೆ ಮದ್ದಳೆಯವರು, ಯಾವ ವೇಷ ಯಾರದ್ದು ಎಂಬುದನ್ನು ಯೂನಿಕೋಡ್ ಕನ್ನಡದಲ್ಲಿ ಬರೆದಿರಲಿ. ಸ್ತ್ರೀವೇಷ ಮತ್ತು ಹಾಸ್ಯಗಾರರ ಹೆಸರು ಬಿಟ್ಟುಹೋಗುವುದೇ ಹೆಚ್ಚು. ಅವನ್ನು ಅವತ್ತು ರಾತ್ರಿ ಚೌಕಿಯಲ್ಲೇ ಕೇಳಿ ಬರೆದುಕೊಂಡು ಬನ್ನಿ.